ಸೈಕಲ್ ಮಾರ್ಕೆಟ್ ನಿಂತು ಹೋಗಿದೆ, ಬೆಳಗಾವಿಯ ಸಣ್ಣ ಕಾರ್ಖಾನೆ ಬೆಳೆಯೋದು ಹೇಗೆ?

ಉದ್ಯಮಬಾಗದವ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಸೈಕಲ್ ಕಾರ್ಖಾನೆ ಇದೆ. ಅಪ್ಪ ಮೊದಲು ಒಂದು ಮಷಿನ್ ಶಾಪ್‌ನಲ್ಲಿ ಟರ್ನರ್ ಆಗಿದ್ದರು. ಆಮೇಲೆ ಸ್ವಂತ ಶೆಡ್ ಹಾಕಿ ಸೈಕಲ್ ಸ್ಟ್ಯಾಂಡು, ಕ್ಯಾರಿಯರ್ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಅಲ್ಲಿಂದ ಬೆಳೆದು ಪೂರ್ತಿ ಸೈಕಲ್‌ಗೆ ಬಂದೆವು. ಫ್ರೇಮು, ಫೋರ್ಕು, ಪೇಂಟು ನಮ್ಮಲ್ಲೇ. ಹಬ್ಬು (ಚಕ್ರದ ನಡುವಿನ ಭಾಗ), ಚೈನು, ಫ್ರೀವೀಲು (ಹಿಂದಿನ ಚಕ್ರದ ಹಲ್ಲುಚಕ್ರ), ಪೆಡಲು ಪಂಜಾಬಿನ ಲೂಧಿಯಾನದಿಂದ ಬರುತ್ತವೆ. 22 ಜನ ಕೆಲಸ ಮಾಡುತ್ತಾರೆ, ಅರ್ಧಕ್ಕರ್ಧ ಜನ ಮಚ್ಛೆ, ಪೀರನವಾಡಿ ಕಡೆಯಿಂದ ನಮ್ಮದೇ ಸೈಕಲ್ ಮೇಲೆ ಬರುತ್ತಾರೆ.

ದಿನಕ್ಕೆ 60 ಸೈಕಲ್ ಇಳಿಸುವ ತಾಕತ್ತಿದೆ. ಈಗ 25 ಇಳಿದರೆ ಅದೇ ಒಳ್ಳೆ ದಿನ. 2020ರ ಲಾಕ್‌ಡೌನ್ ಆದಮೇಲೆ ಜನ ಸೈಕಲ್‌ಗೆ ಮುಗಿಬಿದ್ದರಲ್ವಾ, ಆಗ ಅಂಗಡಿಯವರು ಮುಂಗಡ ಕೊಟ್ಟು ಕಾಯುತ್ತಿದ್ದರು. ಇದು ಹೀಗೇ ನಡೆಯುತ್ತದೆ ಅಂತ ನಂಬಿ ಸಾಲ ಮಾಡಿ ಪೌಡರ್ ಕೋಟಿಂಗ್ ಓವನ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸುವ ಯಂತ್ರ) ಹಾಕಿಸಿದೆ. ಎರಡು ವರ್ಷಕ್ಕೆ ಆ ಅಲೆ ಇಳಿಯಿತು. ನಮಗಷ್ಟೇ ಅಲ್ಲ, 2023ರಲ್ಲಿ ಶಿಮಾನೊ, ಜಯಂಟ್‌ನಂಥ ಹೊರದೇಶದ ದೊಡ್ಡ ಸೈಕಲ್ ಕಂಪನಿಗಳ ಮಾರಾಟವೂ ಕುಸಿಯಿತು. ಆದರೆ ಅವರಿಗೆ ತಡೆದುಕೊಳ್ಳುವ ಶಕ್ತಿ ಇದೆ. ನನಗೆ ಪ್ರತಿ ತಿಂಗಳು ಕಂತಿನ ದಿನ ಬಂದರೆ ನಿದ್ದೆ ಬರುವುದಿಲ್ಲ.

ಮಾರ್ಕೆಟ್ ನಿಂತಿದೆ ಅಂತ ಸುಮ್ನೆ ಹೇಳುತ್ತಿಲ್ಲ. 2001ರ ಜನಗಣತಿಯಲ್ಲಿ ದೇಶದ ಶೇ. 43.7 ಮನೆಗಳಲ್ಲಿ ಸೈಕಲ್ ಇತ್ತು, 2011ರಲ್ಲಿ ಶೇ. 44.8. ಹತ್ತು ವರ್ಷಕ್ಕೆ ಇಷ್ಟೇ. ಅದೇ ಹತ್ತು ವರ್ಷದಲ್ಲಿ ಬೈಕು, ಸ್ಕೂಟರ್ ಇರುವ ಮನೆಗಳು ಶೇ. 11.7ರಿಂದ 21ಕ್ಕೆ ಹೋದವು. ಅಟ್ಲಾಸ್‌ನಂಥ ಹೆಸರುವಾಸಿ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಂತಿತು. ಆ ಸುದ್ದಿ ಓದಿದ ದಿನ ಅಪ್ಪ ಊಟ ಮಾಡಲಿಲ್ಲ.

ಈಗ ಮನೆಯಲ್ಲಿ ದಿನಾ ಚರ್ಚೆ. ತಮ್ಮ ಇ-ಸೈಕಲ್ ಮಾಡೋಣ ಅನ್ನುತ್ತಾನೆ. ನಮ್ಮ ಸೇಲ್ಸ್ ಹುಡುಗ ಗೇರ್ ಇರುವ ಫ್ಯಾನ್ಸಿ ಸೈಕಲ್ ಮಾಡಿ ಅನ್ನುತ್ತಾನೆ. ಅಪ್ಪ ರೇಟು ಇಳಿಸಿ ಜಾಸ್ತಿ ಮಾರು ಅನ್ನುತ್ತಾರೆ. ನನಗೆ ಮೂರೂ ಅರ್ಧ ಸರಿ ಅನಿಸುತ್ತದೆ. ಈ ಧಂದೆ ಬಿಡುವ ಮನಸ್ಸಿಲ್ಲ, ಬೆಳೆಸಬೇಕು. ನಿಮಗೇನನಿಸುತ್ತದೆ?

ಜಮಖಂಡಿ ಸೈಕಲ್ ಅಂಗಡಿ

ತಮ್ಮಾ, ಮೂವತ್ತು ವರ್ಷದಿಂದ ಸೈಕಲ್ ಮಾರುತ್ತಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಅಪ್ಪಾವ್ರ ಮಾತು ಮೊದಲು ಬಿಡು. ರೇಟಿನಲ್ಲಿ ಲೂಧಿಯಾನದ ಜೊತೆ ಹಣಾಹಣಿಗೆ ಇಳಿದರೆ ನೀನು ಉಳಿಯುವುದಿಲ್ಲ. ಅಲ್ಲಿನ ಹೀರೋ ಸೈಕಲ್‌ನವರು 1956ರಲ್ಲಿ ಶುರು ಮಾಡಿ 1986ಕ್ಕೇ ಜಗತ್ತಿನಲ್ಲಿ ಅತಿ ಹೆಚ್ಚು ಸೈಕಲ್ ಮಾಡುವವರು ಅಂತ ಗಿನ್ನೆಸ್ ಸೇರಿದವರು. ಅವರ ಪಕ್ಕದ ಗಲ್ಲಿಯಲ್ಲೇ ಹಬ್ಬು, ಪಕ್ಕದ ಗಲ್ಲಿಯಲ್ಲೇ ಪೆಡಲು ಸಿಗುತ್ತದೆ. ನೀನು ಅದೇ ಹಬ್ಬನ್ನು ಲಾರಿ ಬಾಡಿಗೆ ಕೊಟ್ಟು ಬೆಳಗಾವಿಗೆ ತರಿಸುತ್ತೀಯ. ನೂರು ರೂಪಾಯಿ ಇಳಿಸಿದರೆ ಅವರು ನೂರೈವತ್ತು ಇಳಿಸುತ್ತಾರೆ.

ಈಗ ನನ್ನ ಅಂಗಡಿ ಮುಂದೆ ನಡೆಯುವುದನ್ನು ಹೇಳುತ್ತೇನೆ, ಗಮನ ಕೊಟ್ಟು ಕೇಳು. ಮಕ್ಕಳ ಸೈಕಲ್ ಬಿಟ್ಟರೆ ಕರಿ ಡಬಲ್ ಬಾರ್ ಸೈಕಲ್ ತೆಗೆದುಕೊಳ್ಳುವವರು ಯಾರು? ಹಾಲಿನವರು, ಕಾಯಿಪಲ್ಲೆಯವರು, ಪಾವ್ ಮಾರುವವರು, ಹೊಲಕ್ಕೆ ಹೋಗಿ ಎಮ್ಮೆಗೆ ಮೇವಿನ ಹೊರೆ ತರುವವರು, ಬನಹಟ್ಟಿ ಕಡೆ ನೂಲಿನ ಗಂಟು ಹೊರುವವರು. ಇವರು ಹೊಸ ಸೈಕಲ್ ಕೊಂಡು ಸೀದಾ ಮನೆಗೆ ಹೋಗುವುದಿಲ್ಲ. ನನ್ನ ಅಂಗಡಿಯಿಂದ ನಾಲ್ಕನೇ ಅಂಗಡಿ ಒಂದು ವೆಲ್ಡಿಂಗ್ ಶಾಪ್. ಅಲ್ಲಿಗೆ ಹೋಗುತ್ತಾರೆ. ಕಂಪನಿ ಹಾಕಿ ಕಳಿಸಿದ ಕ್ಯಾರಿಯರ್ ಬಿಚ್ಚಿ ಒಗೆಯುತ್ತಾರೆ. ಮನೆ ಕಟ್ಟುವ ಹತ್ತು ಎಂಎಂ ಸರಳಿನಿಂದ ಹೊಸ ಕ್ಯಾರಿಯರ್ ಬೆಸುಗೆ ಹಾಕಿಸುತ್ತಾರೆ. ಸ್ಟ್ಯಾಂಡಿಗೆ ಪಟ್ಟಿ ಕೊಡಿಸುತ್ತಾರೆ. ಹಿಂದಿನ ಚಕ್ರಕ್ಕೆ ದಪ್ಪ ಕಡ್ಡಿ ಹಾಕಿಸಲು ಮತ್ತೆ ನನ್ನ ಹತ್ತಿರ ಬರುತ್ತಾರೆ. ಹೊಸ ಸೈಕಲ್ ಮೇಲೆ ಮೊದಲ ವಾರದಲ್ಲೇ ಒಂದೂವರೆ ಸಾವಿರ ಹೆಚ್ಚುವರಿ ಖರ್ಚು. ರೇಟು ಜಾಸ್ತಿ ಆಯ್ತು ಅಂತ ನನ್ನ ಹತ್ತಿರ ನೂರು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡಿದ ಮನುಷ್ಯನೇ ಇದನ್ನು ಮಾತಿಲ್ಲದೆ ಕೊಡುತ್ತಾನೆ.

ಅಷ್ಟಾದರೂ ಆ ಸೈಕಲ್ ಬಾಳುವುದಿಲ್ಲ. ಭಾರದ ಸರಳಿನ ಕ್ಯಾರಿಯರ್ ಕೂರುವುದು ತೆಳ್ಳಗಿನ ಪೈಪಿನ ಮೇಲೆ. ಸೀಟಿನ ಕೆಳಗೆ ಹಿಂದಿನ ಕವಲು ಸೇರುವ ಜಾಗದಲ್ಲಿ ವರ್ಷದೊಳಗೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಪೇಂಟಿನ ಮೇಲೆ ತುಕ್ಕಿನ ಗೆರೆ ಕಂಡರೆ ಒಳಗೆ ಒಡೆದಿದೆ ಅಂತಲೇ ಅರ್ಥ. ಹಾಲಿನವನಿಗೆ ಒಂದು ದಿನ ಸೈಕಲ್ ಇಲ್ಲ ಅಂದರೆ ಆ ದಿನದ ಹಾಲು ಹೋಯಿತು.

ಆ ವೆಲ್ಡಿಂಗ್ ಶಾಪ್ ಮಾಡುವ ಕೆಲಸವನ್ನು ನೀನು ಕಾರ್ಖಾನೆಯಲ್ಲೇ ಸರಿಯಾಗಿ ಮಾಡಿಕೊಡು. ಫ್ರೇಮಿನ ಜೊತೆಗೇ ಹುಟ್ಟಿದ ಕ್ಯಾರಿಯರ್, ದಪ್ಪ ಹಿಂಗವಲು, ಗಟ್ಟಿ ರಿಮ್ಮು. ಸಾವಿರ ರೂಪಾಯಿ ಜಾಸ್ತಿ ಹೇಳಿದರೂ ನಾನು ಮಾರಿ ತೋರಿಸುತ್ತೇನೆ.

ಪುಣೆಯಲ್ಲಿರುವ ಬೆಳಗಾವಿಯವ

ಕಾಕಾ ಹೇಳಿದ್ದು ಓದಿ ಬಹಳ ಖುಷಿ ಆಯಿತು. ಇದೇ ವಿಚಾರದ ಮೇಲೆ ನಿಂತ ಒಂದು ಸೈಕಲ್ ಆಗಲೇ ಜಗತ್ತಿನಲ್ಲಿ ಇದೆ, ಹೆಸರು ಬಫಲೊ. 2004ರ ಸುನಾಮಿ ಆದಮೇಲೆ ಶ್ರೀಲಂಕಾದಲ್ಲಿ ಜನರಿಗೆ ಸೈಕಲ್ ಹಂಚುವ ಕೆಲಸದಿಂದ ವರ್ಲ್ಡ್ ಬೈಸಿಕಲ್ ರಿಲೀಫ್ ಅನ್ನುವ ಸಂಸ್ಥೆ 2005ರಲ್ಲಿ ಹುಟ್ಟಿತು. ಆಮೇಲೆ ಜಾಂಬಿಯಾದಂಥ ಆಫ್ರಿಕಾದ ದೇಶಗಳಿಗೆ ಹೋದಾಗ ಅಲ್ಲಿ ಸಿಗುವ ಅಗ್ಗದ ಸೈಕಲ್‌ಗಳು ಭಾರಕ್ಕೆ ತಡೆಯುತ್ತಿರಲಿಲ್ಲ. ಅದಕ್ಕೇ ಕ್ಯಾರಿಯರ್ ಮೇಲೆ 100 ಕಿಲೋ ಹೊರುವ ಉಕ್ಕಿನ ಸೈಕಲ್ ಮಾಡಿದರು. ಗೇರಿನ ಗೊಡವೆ ಇಲ್ಲ, ಕೇಬಲ್ ಇಲ್ಲದ ಹಿಂದಿನ ಬ್ರೇಕು, ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತದೆ. ಆದರೆ ಅವರ ನಿಜವಾದ ಬುದ್ಧಿವಂತಿಕೆ ಇರುವುದು ಸೈಕಲ್‌ನಲ್ಲಿ ಅಲ್ಲ. ಹಳ್ಳಿ ಹುಡುಗರಿಗೆ ರಿಪೇರಿ ತರಬೇತಿ ಕೊಟ್ಟರು, ಸಾಮಾನಿನ ಪೆಟ್ಟಿಗೆ ಕೊಟ್ಟರು, ಸ್ಪೇರ್ ಪಾರ್ಟ್ಸ್ ಸಿಗುವ ಅಂಗಡಿ ಇಟ್ಟರು. ಸೈಕಲ್ ಹೋದಲ್ಲೆಲ್ಲ ಮಿಸ್ತ್ರಿಯೂ ಹೋದ.

ಅದಕ್ಕೇ ನನ್ನ ಮಾತು ಇಷ್ಟೇ, ಸೈಕಲ್ ಜೊತೆಗೆ ಮಿಸ್ತ್ರಿಗಳನ್ನೂ ಬೆಳೆಸಿ. ಪಂಕ್ಚರ್ ಅಂಗಡಿಯವನು ಯಾವ ಸೈಕಲ್ ಒಳ್ಳೆಯದು ಅನ್ನುತ್ತಾನೋ ಹಳ್ಳಿಯಲ್ಲಿ ಅದೇ ಹೋಗುತ್ತದೆ.

ಇನ್ನು ತಮ್ಮನ ಇ-ಸೈಕಲ್ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಿಯಮ ಸುಲಭ ಇದೆ. ಮೋಟರ್ 250 ವ್ಯಾಟ್ ದಾಟಬಾರದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರಬಾರದು. ಅಷ್ಟಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಬೆಳಗಾವಿಯ ಏರು ಇಳಿಜಾರಿನಲ್ಲಿ ಎರಡು ಕ್ಯಾನ್ ಹಾಲು ಹೇರಿಕೊಂಡು ತುಳಿಯುವವರಿಗೆ ಅದು ದೊಡ್ಡ ಆಸರೆ. ಹಿಂದಿನ ಡ್ರಾಪ್‌ಔಟ್ (ಚಕ್ರದ ಅಚ್ಚು ಕೂರುವ ಸೀಳು) ಗಟ್ಟಿ ಮಾಡಿ, ಫ್ರೇಮಿನ ನಡುವೆ ಬ್ಯಾಟರಿಗೆ ಜಾಗ ಬಿಟ್ಟು ಈಗಲೇ ಡಿಸೈನ್ ಮಾಡಿಡಿ. ಮೋಟರ್ ನಾಳೆ ಬರಲಿ.

ಜಮಖಂಡಿ ಸೈಕಲ್ ಅಂಗಡಿ

ಜಾಗ ಬಿಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬ್ಯಾಟರಿ ಕೆಟ್ಟರೆ ಗಿರಾಕಿ ಬಂದು ಹಿಡಿಯುವುದು ನನ್ನ ಕಾಲರ್. ಹೋದ ವರ್ಷ ಹೊರಗಿನ ಒಂದು ಕಂಪನಿಯ ಇ-ಸೈಕಲ್ ಆರು ಮಾರಿದೆ. ಬೇಸಿಗೆಯಲ್ಲಿ ಮೂರರ ಬ್ಯಾಟರಿ ಕೈಕೊಟ್ಟವು. ಫೋನ್ ಮಾಡಿದರೆ ಬ್ಯಾಟರಿ ಬಿಚ್ಚಿ ಕೊರಿಯರ್ ಮಾಡಿ ಅಂದರು, ಕೊರಿಯರ್‌ನವನು ಲಿಥಿಯಂ ಬ್ಯಾಟರಿ ಒಯ್ಯಲ್ಲ ಅಂದ. ಎರಡು ತಿಂಗಳು ನನ್ನ ಅಂಗಡಿಯಲ್ಲೇ ನಿಂತಿದ್ದವು. ಆ ಮೂವರಲ್ಲಿ ಒಬ್ಬರು ಇವತ್ತಿಗೂ ನನ್ನ ಅಂಗಡಿ ಕಡೆ ನೋಡುವುದಿಲ್ಲ. ಬ್ಯಾಟರಿ ರಿಪೇರಿ ಮಾಡುವವರು ಬೆಳಗಾವಿಯಲ್ಲೇ ಸಿಗುವ ತನಕ ನನಗೆ ಕಳಿಸಬೇಡ ತಮ್ಮಾ.

ರಾಯಬಾಗದ ಟೀಚರ್

ನನಗೆ ವ್ಯಾಪಾರ ಗೊತ್ತಿಲ್ಲ. ಆದರೆ ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಕಲಿಸಿದ್ದೇನೆ, ಸೈಕಲ್ ಏನು ಮಾಡುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಅದೇ ಹೊತ್ತಿಗೆ ಬಿಹಾರದಲ್ಲೂ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟರು. ಅಲ್ಲಿನ ಯೋಜನೆಯ ಬಗ್ಗೆ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32 ಏರಿತು ಅಂತ ತೋರಿಸಿದ್ದಾರೆ. ನನಗೆ ಆಶ್ಚರ್ಯ ಆಗಲಿಲ್ಲ. ಏಳನೇ ತರಗತಿ ಮುಗಿದ ಮೇಲೆ ಮನೆಯಲ್ಲಿ ಕೂರಬೇಕಾದ ಹುಡುಗಿಯರು ಐದಾರು ಜನ ಗುಂಪಾಗಿ ಬೆಲ್ಲು ಹೊಡೆಯುತ್ತ ತೋಟದ ದಾರಿಯಲ್ಲಿ ಬರುವುದನ್ನು ದಿನಾ ನೋಡುತ್ತಿದ್ದೆ.

ಒಂದು ಸಂಗತಿ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಪೆಡಲಿನ ದಂಡಕ್ಕೆ ಒಂದು ಕಾಟರ್ ಪಿನ್ ಇರುತ್ತದಲ್ಲ, ಅದು ಸಡಿಲಾದರೆ ಪೆಡಲು ತುಳಿದಾಗಲೆಲ್ಲ ಟಕ್ ಟಕ್ ಅಂತ ಆಡುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿ ಆ ಪಿನ್ನಿಗೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಹದಿನೈದು ದಿನ ಓಡಿಸಿದಳು. ಆಮೇಲೆ ಪಿನ್ನಿನ ತೂತೇ ಸವೆದು ಹೋಯಿತು. ಅವಳ ಊರಲ್ಲಿ ಸೈಕಲ್ ರಿಪೇರಿ ಮಾಡುವವರು ಇರಲಿಲ್ಲ. ಹತ್ತಿರದ ಅಂಗಡಿ ಏಳು ಕಿಲೋಮೀಟರ್. ಅಪ್ಪ ಕೂಲಿ ಬಿಟ್ಟು ಹೋಗಬೇಕು. ಸೈಕಲ್ ಗೋಡೆಗೆ ಒರಗಿತು, ಹುಡುಗಿ ವಾರಕ್ಕೆ ಮೂರು ದಿನ ಶಾಲೆಗೆ ಬರತೊಡಗಿದಳು. ಒಂದು ಪಿನ್ನು ಅಷ್ಟೇ!

ನೀವು ಸೈಕಲ್ ಮಾಡುವವರು ಹೆಣ್ಣುಮಕ್ಕಳ ಎತ್ತರವನ್ನೊಮ್ಮೆ ಅಳೆದು ನೋಡಿ. ಎಂಟನೇ ತರಗತಿಯ ಎಷ್ಟೋ ಮಕ್ಕಳಿಗೆ ಸೀಟನ್ನು ಪೂರ್ತಿ ಇಳಿಸಿದರೂ ಕಾಲು ನೆಲಕ್ಕೆ ಎಟುಕುವುದಿಲ್ಲ. ನಿಂತುಕೊಂಡೇ ತುಳಿಯುತ್ತಾರೆ. ಹಿಂದೆ ಬ್ಯಾಗ್, ಮುಂದೆ ತಮ್ಮನನ್ನು ಕೂರಿಸಿಕೊಂಡು ಬರುತ್ತಾರೆ. ಪೇಟೆಯಲ್ಲಿ ಸಿಗುವ ಗುಲಾಬಿ ಬಣ್ಣದ ಲೇಡೀಸ್ ಸೈಕಲ್ ನೋಡಲು ಚಂದ, ಆದರೆ ಈ ಕೆಲಸಕ್ಕಲ್ಲ. ಕಾಟರ್ ಪಿನ್ ಇಲ್ಲದ ಪೆಡಲು, ಚಿಕ್ಕ ಫ್ರೇಮು, ಗಟ್ಟಿ ಕ್ಯಾರಿಯರ್ ಇರುವ ಒಂದು ಸೈಕಲ್ ನಮ್ಮ ಮಕ್ಕಳಿಗೆ ಬೇಕು.

ಬಾಗಲಕೋಟೆ ಲೆಕ್ಕಪತ್ರ

ಎಲ್ಲರೂ ಸೈಕಲ್ ಬಗ್ಗೆ ಹೇಳಿದ್ದೀರಿ, ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ, ನನ್ನ ಕೆಲಸವೇ ಅದು. ಬೆಳವಣಿಗೆ ಅಂದ ತಕ್ಷಣ ಮಾರಾಟ ಏರಿಸುವುದನ್ನೇ ಯೋಚಿಸುತ್ತೇವೆ. ಸಣ್ಣ ಕಾರ್ಖಾನೆಗಳು ಮುಚ್ಚಿದ್ದನ್ನು ನಾನು ಹತ್ತಿರದಿಂದ ನೋಡಿದ್ದು ಬಹುಪಾಲು ಮಾರಾಟ ಇಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಒಳ್ಳೆಯದು. ಆದರೆ ನೀವು ಕೊಳ್ಳುವ ಉಕ್ಕಿನ ಪೈಪಿಗೆ, ಪೇಂಟಿಗೆ ಈಗಲೂ ಶೇ. 18. ಕೊಳ್ಳುವಾಗ ಕಟ್ಟಿದ ತೆರಿಗೆ ಜಾಸ್ತಿ, ಮಾರುವಾಗ ವಸೂಲಾಗುವುದು ಕಡಿಮೆ. ವ್ಯತ್ಯಾಸ ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ನಿಮ್ಮ ಕ್ರೆಡಿಟ್ ಲೆಜರಿನಲ್ಲಿ ಸುಮ್ನೆ ಕೂತಿರುತ್ತದೆ. ಬಹಳ ಜನ ಅದನ್ನು ಮರೆತೇ ಬಿಡುತ್ತಾರೆ. ಅದನ್ನು ವಾಪಸ್ ಕೇಳಬಹುದು, ಆರ್‌ಎಫ್‌ಡಿ-01 ಅರ್ಜಿ ಹಾಕಬೇಕು, ಎರಡು ವರ್ಷದ ಗಡುವು ಇದೆ. ಓವನ್ನಿನಂಥ ಯಂತ್ರಕ್ಕೆ ಕಟ್ಟಿದ ತೆರಿಗೆ ಈ ದಾರಿಯಲ್ಲಿ ಬರುವುದಿಲ್ಲ, ಕಚ್ಚಾ ಮಾಲಿನದು ಬರುತ್ತದೆ. ಸಾಲದ ಕಂತಿಗೆ ಹೆದರುವ ಮೊದಲು ಆ ಲೆಜರ್ ತೆಗೆದು ನೋಡಿ.

ಇನ್ನೊಂದು ವಿಷಯ ಉದ್ರಿ. ಕಾಕಾ ಬೇಜಾರಾಗಬೇಡಿ. ಅಂಗಡಿಯವರು ನಾಲ್ಕು ತಿಂಗಳು ಉದ್ರಿ ಬಾಕಿ ಉಳಿಸುತ್ತಾರೆ ಅಲ್ವಾ? ನೀವು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದ ಸಣ್ಣ ತಯಾರಕರಾಗಿದ್ದರೆ, ಬರಹದಲ್ಲಿ ಕರಾರಿದ್ದಾಗ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ನಿಮಗೆ ಹಣ ಬರಬೇಕು. ತಡವಾಗಿ ವರ್ಷ ದಾಟಿದರೆ, ಕೊಡುವ ತನಕ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ತೋರಿಸಲು ಆಗುವುದಿಲ್ಲ. ಜಗಳಕ್ಕೆ ಹೇಳುತ್ತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಮುದ್ರಿಸಿ, 30 ದಿನದೊಳಗೆ ಕೊಟ್ಟವರಿಗೆ ಸ್ವಲ್ಪ ಬಿಟ್ಟುಕೊಡಿ. ಅರ್ಧ ಸಮಸ್ಯೆ ತಾನಾಗಿ ಸರಿಹೋಗುತ್ತದೆ.

ಹಳೆ ಗಿರಾಕಿಗೆ ಹೊಸ ಮಾಲು, ಇಲ್ಲವೇ ಹಳೆ ಮಾಲಿಗೆ ಹೊಸ ಗಿರಾಕಿ, ಎರಡರಲ್ಲಿ ಒಂದು ಹಿಡಿಯಿರಿ. ಹೊಸ ಮಾಲು ಮಾಡಿ ಹೊಸ ಗಿರಾಕಿಯನ್ನೂ ಒಟ್ಟಿಗೆ ಹುಡುಕುವುದಕ್ಕೆ ಬಹಳ ಬಂಡವಾಳ ಬೇಕು. ಇ-ಸೈಕಲ್, ಗೇರ್ ಸೈಕಲ್ ಎರಡೂ ಆ ಜಾತಿಯವು. ಭಾರ ಹೊರುವ ಸೈಕಲ್‌ಗೆ ಗಿರಾಕಿ ಆಗಲೇ ಇದ್ದಾನೆ, ಇವತ್ತು ವೆಲ್ಡಿಂಗ್ ಶಾಪ್‌ನಲ್ಲಿ ನಿಂತಿದ್ದಾನೆ.

ಗುಮ್ಮಟದೂರಿನ ಪೆಡಲ್

ನಾನು ವಿಜಯಪುರ. ಮೊದಲು ರೇಸ್ ಓಡಿಸುತ್ತಿದ್ದೆ, ಈಗ ಚಿಕ್ಕ ಹುಡುಗರಿಗೆ ಹೇಳಿಕೊಡುತ್ತೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಾರೆ, ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಕಡೆಯವರೇ ಸೈಕಲ್ ಮಾಡುತ್ತಾರೆ ಅಂತ ಓದಿ ಎದೆ ತುಂಬಿ ಬಂತು.

ಆದರೂ ಹೇಳುತ್ತೇನೆ, ರೇಸ್ ಸೈಕಲ್‌ಗೆ ಈಗಲೇ ಕೈ ಹಾಕಬೇಡಿ. ಅಲ್ಲಿ ಕಾರ್ಬನ್ ಫ್ರೇಮಿನ ಲೋಕ, ಗ್ರಾಂ ಗ್ರಾಂ ಲೆಕ್ಕ. ನಮಗೆ ನಿಜವಾಗಿ ಕೊರತೆ ಇರುವುದು ಮೊದಲ ಎರಡು ವರ್ಷದ ಸೈಕಲ್. ಹನ್ನೆರಡು ವರ್ಷದ ಹುಡುಗ ಅಣ್ಣನ ಹಳೇ ಸೈಕಲ್ ಮೇಲೆ ಶುರು ಮಾಡುತ್ತಾನೆ. ಅಳತೆ ಹೊಂದುವುದಿಲ್ಲ, ಬೆನ್ನು ನೋವು ಹಿಡಿದು ಬಿಟ್ಟು ಹೋಗುತ್ತಾನೆ. ನಾಲ್ಕು ಅಳತೆಯಲ್ಲಿ ಹಗುರವಾದ ಉಕ್ಕಿನ ಫ್ರೇಮ್ ಮಾಡಿದರೆ ಸಾಕು. ವರ್ಷಕ್ಕೆ ಎಷ್ಟು ಹೋಗುತ್ತದೆ ಅಂದರೆ ಜಾಸ್ತಿ ಇಲ್ಲ, ನಿಮ್ಮ ಕಾರ್ಖಾನೆಗೆ ಅದೊಂದೇ ಸಾಲದು. ಆದರೆ ನಿಮ್ಮ ವೆಲ್ಡರ್‌ಗಳ ಕೈ ಅದರಿಂದ ಪಳಗುತ್ತದೆ, ಆ ಕೈ ಹಾಲಿನವರ ಸೈಕಲ್‌ಗೂ ಬರುತ್ತದೆ.

ಇನ್ನೊಂದು ಮಾತು. ಶಿಮಾನೊ ಕಂಪನಿ 1921ರಲ್ಲಿ ಜಪಾನಿನ ಸಕಾಯ್ ಊರಲ್ಲಿ ಒಂದು ಫ್ರೀವೀಲ್ ಮಾಡುವುದರಿಂದ ಶುರುವಾಯಿತು. ಸಕಾಯ್ ಅಂದರೆ ಚೂರಿ, ಕತ್ತಿ ಮಾಡುವ ಕಮ್ಮಾರರ ಊರು. ಲೋಹದ ಕೆಲಸ ಬಲ್ಲ ಊರಿಗೆ ಬಿಡಿಭಾಗ ಕಷ್ಟವಲ್ಲ. ಬೆಳಗಾವಿಯಲ್ಲಿ ಇಷ್ಟೊಂದು ಫೌಂಡ್ರಿ, ಮಷಿನ್ ಶಾಪ್ ಇಟ್ಟುಕೊಂಡು ಒಂದು ಹಿಂದಿನ ಹಬ್ಬನ್ನು ಲೂಧಿಯಾನದಿಂದ ಯಾಕೆ ತರಿಸುತ್ತೀರಿ? ಭಾರ ತಡೆಯುವ ಹಬ್ಬು ಒಂದನ್ನು ಇಲ್ಲೇ ಮಾಡಿಸಿ. ಸೈಕಲ್ ಹೋಗದ ಊರಿಗೂ ಹಬ್ಬು ಹೋಗುತ್ತದೆ.

ಉದ್ಯಮಬಾಗದವ (ಬೆಳಗಾವಿ)

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸರಳಿನ ಕ್ಯಾರಿಯರ್ ಮಾತು ಬಂದಾಗ ಅಪ್ಪ ಎದ್ದು ಕೂತರು. ನಾವು ಶುರು ಮಾಡಿದ್ದೇ ಕ್ಯಾರಿಯರ್‌ನಿಂದ, ಆಗ ಹದಿನಾಲ್ಕು ಗೇಜಿನ ಪೈಪ್ ಹಾಕುತ್ತಿದ್ದೆ, ರೇಟಿಗೋಸ್ಕರ ತೆಳ್ಳಗೆ ಮಾಡಿದ್ದು ನಾನೇ ಅಂದರು. ರೇಟು ಇಳಿಸುವ ಮಾತು ಇವತ್ತು ಬೆಳಗ್ಗೆ ಎತ್ತಲಿಲ್ಲ.

ಲೆಜರ್ ತೆಗೆದು ನೋಡಿದೆ. ದುಡ್ಡು ಕೂತಿದೆ, ಐದು ಕಂತಿಗೆ ಆಗುವಷ್ಟು! ನಮ್ಮ ಲೆಕ್ಕದವರಿಗೆ ಇವತ್ತೇ ಅರ್ಜಿ ಹಾಕಲು ಹೇಳಿದ್ದೇನೆ.

ಫ್ಯಾನ್ಸಿ ಸೈಕಲ್ ಬಿಟ್ಟೆ. ತಮ್ಮನಿಗೆ ಬ್ಯಾಟರಿಗೆ ಜಾಗ ಇರುವ ಫ್ರೇಮ್ ಡಿಸೈನ್ ಕೆಲಸ ಕೊಟ್ಟಿದ್ದೇನೆ, ಮೋಟರ್ ಮಾತು ಒಂದು ವರ್ಷ ಬೇಡ ಅಂದಿದ್ದೇನೆ, ಒಪ್ಪಿದ. ಈ ತಿಂಗಳು ಭಾರದ ಸೈಕಲ್ ಹತ್ತು ಮಾಡುತ್ತೇವೆ. ಮಾರುವುದಕ್ಕಲ್ಲ. ಕಾಕಾ, ಅವನ್ನು ನಿಮ್ಮ ಅಂಗಡಿಗೆ ಕಳಿಸುತ್ತೇನೆ, ಹಾಲಿನವರಿಗೆ, ಮೇವಿನವರಿಗೆ, ನೂಲಿನವರಿಗೆ ಮೂರು ತಿಂಗಳು ಓಡಿಸಲು ಕೊಡಿ. ಎಲ್ಲಿ ಬಿರುಕು ಬಿಡುತ್ತದೆ ಅಂತ ನೋಡಬೇಕು. ಮುರಿದರೆ ಮುರಿಯಲಿ, ಮುರಿದ ತುಂಡು ಮಾತ್ರ ಒಗೆಯದೆ ನನಗೆ ಕಳಿಸಿ. ಜೊತೆಗೆ ನಿಮ್ಮ ಸುತ್ತಲಿನ ಊರುಗಳ ಪಂಕ್ಚರ್ ಅಂಗಡಿಯವರನ್ನು ಒಂದು ಭಾನುವಾರ ಇಲ್ಲಿಗೆ ಕರೆಸಿ ಊಟ ಹಾಕಿ ಫ್ರೇಮು ಹೇಗೆ ಮಾಡುತ್ತೇವೆ ಅಂತ ತೋರಿಸಬೇಕು ಅಂತಿದ್ದೇನೆ, ಬಸ್ ಖರ್ಚು ನಂದು.

ಟೀಚರ್ ಅಕ್ಕಾವ್ರೇ, ನಿಮ್ಮ ಶಾಲೆಯ ಎಂಟನೇ ತರಗತಿ ಹುಡುಗಿಯರ ಕಾಲಿನ ಒಳ ಅಳತೆ, ಅಂದರೆ ತೊಡೆಯ ಸಂದಿನಿಂದ ಹಿಮ್ಮಡಿ ತನಕ, ನೀವೇ ಟೇಪ್ ಹಿಡಿದು ಬರೆದುಕೊಡುತ್ತೀರಾ? ಹೆಸರು ಬೇಡ, ಅಳತೆ ಸಾಕು. ಕಾಟರ್ ಪಿನ್ ಇಲ್ಲದ ದಂಡಕ್ಕೆ ಸೈಕಲ್ ಒಂದಕ್ಕೆ ಸ್ವಲ್ಪ ಜಾಸ್ತಿ ಬೀಳುತ್ತದೆ, ನಾನು ಹಾಕುತ್ತೇನೆ.

ರಾಯಬಾಗದ ಟೀಚರ್

ಸೋಮವಾರ ಪಿ.ಟಿ. ಪೀರಿಯಡ್‌ನಲ್ಲಿ ಅಳೆದು ಕಳಿಸುತ್ತೇನೆ. 41 ಹುಡುಗಿಯರಿದ್ದಾರೆ.

ಜಮಖಂಡಿ ಸೈಕಲ್ ಅಂಗಡಿ

ಹತ್ತು ಕಳಿಸು. ಯಾರಿಗೆ ಕೊಡಬೇಕು ಅಂತ ಆಗಲೇ ಯೋಚನೆ ಮಾಡಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಹಾಲಿನವನನ್ನು ನಿಲ್ಲಿಸಿ ಕ್ಯಾನ್ ಅಳೆದೆ. ಹೊಟ್ಟೆಯ ಹತ್ತಿರ ಒಂದು ಅಡಿಗಿಂತ ಒಂದು ಬೆರಳು ಜಾಸ್ತಿ. ಎರಡೂ ಕಡೆ ಜೋತುಬಿದ್ದಾಗ ಅವನ ಹಿಮ್ಮಡಿ ಕ್ಯಾನಿಗೆ ತಾಗುತ್ತದೆ, ಅದಕ್ಕೇ ಪಾದದ ತುದಿಯಲ್ಲಿ ತುಳಿಯುತ್ತಾನೆ. ಕ್ಯಾರಿಯರ್ ನಾಲ್ಕು ಬೆರಳು ಹಿಂದಕ್ಕೆ ತೆಗೆದುಕೋ.